ಕೀವಿನ ಪರೀಕ್ಷೆ: ಮರೆಯಲ್ಲಿ ಕುಳಿತ ರೋಗಾಣುವನ್ನು ಕಾಣುವ ಬಗೆ



ಬೇಸಿಗೆ ಬಂತೆಂದರೆ ಕುರು, ಕೀವುಗಾಯಗಳ ಬಾಧೆ ಹೆಚ್ಚುತ್ತದೆ. ಯಲಹಂಕ, ಹೆಬ್ಬಾಳಗಳಿಂದ ನಮ್ಮಲ್ಲಿಗೆ ಬರುವ ರೋಗಿಗಳಲ್ಲಿ, ಯಶವಂತಪುರದ ಮಾರುಕಟ್ಟೆಯಲ್ಲಿ ಮೂಟೆ ಹೊರುವ ಶ್ರಮಿಕರಿಂದ ಹಿಡಿದು ಮಧುಮೇಹವುಳ್ಳ ಹಿರಿಯರವರೆಗೆ, ಇದು ಸಾಮಾನ್ಯ ತೊಂದರೆ. ಇಂಥ ಕೀವಿಗೆ ಬಹುಮಟ್ಟಿಗೆ ಕಾರಣವಾಗುವುದು ಸ್ಟೆಫೈಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯ. ಸೂಕ್ಷ್ಮದರ್ಶಕದಲ್ಲಿ ದ್ರಾಕ್ಷಿಗೊಂಚಲಿನಂತೆ ಕಾಣುವ ಇದು ಆರೋಗ್ಯವಂತರಲ್ಲಿಯೂ ಸುಮಾರು ಮೂವರಲ್ಲಿ ಒಬ್ಬರ ಮೂಗಿನೊಳಗೆ ಕೇಡು ಮಾಡದೆ ವಾಸಿಸುತ್ತದೆ. ಚರ್ಮ ಒಡೆದಾಗ ಒಳನುಗ್ಗುತ್ತದೆ. ರಕ್ತವನ್ನು ಸೇರಿದರೆ ಹೃದಯದ ಕವಾಟ, ಎಲುಬು, ಶ್ವಾಸಕೋಶಗಳಿಗೆ ತಗುಲಿ ಪ್ರಾಣಕ್ಕೇ ಸಂಚಕಾರ ತರುತ್ತದೆ.

ಪೆನಿಸಿಲಿನ್ನಿಗೆ ಬಗ್ಗದ ಈ ರೋಗಾಣುವನ್ನು ಮಣಿಸಲು 1959ರಲ್ಲಿ ಮೆಥಿಸಿಲಿನ್ ಬಂತು. 1961ರಲ್ಲಿಯೇ ಅದನ್ನೂ ಮೀರಿದ ತಳಿಗಳು ಇಂಗ್ಲೆಂಡಿನಲ್ಲಿ ವರದಿಯಾದವು. ಇವೇ ಎಂ.ಆರ್.ಎಸ್.ಎ. ಎಂದು ಹೆಸರಾದ ತಳಿಗಳು. 2008-09ರಲ್ಲಿ ನಮ್ಮ ದೇಶದ 15 ದೊಡ್ಡ ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನದಲ್ಲಿ, ಪರೀಕ್ಷೆಗೊಳಗಾದ ಈ ರೋಗಾಣುಗಳ ಪೈಕಿ ಶೇಕಡಾ 41ರಷ್ಟು ಇಂಥವೇ ಆಗಿದ್ದವು.

ಕೀವನ್ನು ಪ್ರಯೋಗಾಲಯಕ್ಕೆ ಕಳುಹಿಸಿದರೆ ಅಲ್ಲಿ ರೋಗಾಣುವನ್ನು ಬೆಳೆಸಿ, ಅದರ ಮೇಲೆ ಔಷಧಿಯ ಪುಟ್ಟ ಬಿಲ್ಲೆಗಳನ್ನಿಡುತ್ತಾರೆ. ಬಿಲ್ಲೆಯ ಸುತ್ತ ಬೆಳೆ ನಿಂತು ಬಯಲಾದ ವೃತ್ತ ದೊಡ್ಡದಾಗಿದ್ದರೆ ಆ ಔಷಧಿ ಫಲಕಾರಿ ಎಂದರ್ಥ. ಆದರೆ ಈ ಸರಳ ಪರೀಕ್ಷೆಯ ಕಣ್ಣನ್ನು ತಪ್ಪಿಸುವ ರೋಗಾಣುಗಳೂ ಉಂಟು.

ಕ್ಲಿಂಡಾಮೈಸಿನ್ ಎಂಬ ಔಷಧಿಯನ್ನೇ ನೋಡೋಣ. ಕೆಲವು ರೋಗಾಣುಗಳಲ್ಲಿ ಇದನ್ನು ಎದುರಿಸುವ ಶಕ್ತಿ ನಿದ್ರಿಸುತ್ತಿರುತ್ತದೆ. ಕ್ಲಿಂಡಾಮೈಸಿನ್ ಅದನ್ನು ಎಚ್ಚರಿಸುವುದಿಲ್ಲ. ಆದ್ದರಿಂದ ವರದಿಯಲ್ಲಿ 'ಫಲಕಾರಿ' ಎಂದೇ ಬರುತ್ತದೆ. ಚಿಕಿತ್ಸೆ ನಡೆಯುತ್ತಿರುವಾಗಲೇ ಸದಾ ಎಚ್ಚೆತ್ತಿರುವ ತಳಿ ತಲೆಯೆತ್ತಿ ಗಾಯ ಮತ್ತೆ ಕೆರಳಬಹುದು. ಇದನ್ನು ಕಂಡುಹಿಡಿಯುವ ಉಪಾಯ ಸುಲಭವಾದುದು. ಆ ಶಕ್ತಿಯನ್ನು ಎಚ್ಚರಿಸಬಲ್ಲ ಎರಿಥ್ರೋಮೈಸಿನ್ ಬಿಲ್ಲೆಯನ್ನು ಕ್ಲಿಂಡಾಮೈಸಿನ್ ಬಿಲ್ಲೆಯ ಪಕ್ಕದಲ್ಲಿ, 15ರಿಂದ 26 ಮಿಲಿಮೀಟರ್ ಅಂತರದಲ್ಲಿ ಇಡುತ್ತಾರೆ. ಮರುದಿನ ದುಂಡಗಿರಬೇಕಾದ ವೃತ್ತ ಒಂದು ಮಗ್ಗುಲು ಚಪ್ಪಟೆಯಾಗಿ ಇಂಗ್ಲಿಷಿನ 'ಡಿ' ಅಕ್ಷರದಂತೆ ಕಂಡರೆ, ಆ ಔಷಧಿಯನ್ನು ನಂಬುವಂತಿಲ್ಲ. ಇದೇ 'ಡಿ ಟೆಸ್ಟ್'.

ಮೆಥಿಸಿಲಿನ್ ಪ್ರತಿರೋಧವೂ ಕೆಲವೊಮ್ಮೆ ಅಲ್ಪಸಂಖ್ಯೆಯ ಕೋಶಗಳಲ್ಲಷ್ಟೇ ಪ್ರಕಟವಾಗುವುದರಿಂದ, ಹಿಂದಿನ ಆಕ್ಸಾಸಿಲಿನ್ ಬಿಲ್ಲೆಗೆ ತಪ್ಪಿಹೋಗುತ್ತಿತ್ತು. ಈಗ ಅದರ ಬದಲು ಸೆಫಾಕ್ಸಿಟಿನ್ ಬಿಲ್ಲೆಯನ್ನು ಬಳಸುತ್ತಾರೆ. ಅದು ಅಡಗಿದ ಪ್ರತಿರೋಧವನ್ನು ಹೊರಗೆಳೆಯುತ್ತದೆ. ಕೊನೆಯ ಆಸರೆಗಳಲ್ಲೊಂದಾದ ವ್ಯಾಂಕೋಮೈಸಿನ್ನಿಗಂತೂ ಬಿಲ್ಲೆಯ ಪರೀಕ್ಷೆ ಸಲ್ಲದು. ಎಷ್ಟು ಪ್ರಮಾಣದಲ್ಲಿ ರೋಗಾಣುವಿನ ಬೆಳವಣಿಗೆ ನಿಲ್ಲುತ್ತದೆಂದು ಅಳೆದೇ ತಿಳಿಯಬೇಕು. ಲಕ್ಷಕ್ಕೆ ಒಂದರಷ್ಟು ಕೋಶ ಮಾತ್ರ ಪ್ರತಿರೋಧ ತೋರುವ ತಳಿಗಳು 1997ರಲ್ಲಿ ಜಪಾನಿನಿಂದ ವರದಿಯಾದವು. ಇವು ಆ ಅಳತೆಗೂ ಸಿಗದಿರಬಹುದು.

ಇದು ಮನುಷ್ಯರಿಗೆ ಮಾತ್ರ ಸೀಮಿತವಲ್ಲ. ಹಸುವಿನ ಕೆಚ್ಚಲು ಬಾವಿಗೂ ಇದೇ ರೋಗಾಣು ಕಾರಣವಾಗುತ್ತದೆ. ಇಂಗ್ಲೆಂಡಿನ ಹಸುವಿನ ಹಾಲಿನಲ್ಲಿ ದೊರೆತು 2011ರಲ್ಲಿ ವರದಿಯಾದ ತಳಿಯ ಪ್ರತಿರೋಧದ ಜೀನು ಬೇರೆಯದಾಗಿತ್ತು. ಅಂದಿನವರೆಗಿನ ಜೀನು ಪರೀಕ್ಷೆ ಅದನ್ನು ಗುರುತಿಸಲಿಲ್ಲ. ನಮ್ಮ ಯಲಹಂಕದಲ್ಲಿಯೇ ಜಾನುವಾರು ರೋಗಗಳ ರಾಷ್ಟ್ರೀಯ ಸಂಸ್ಥೆಯಾದ ನಿವೇದಿ ಇದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ, ಔಷಧಿಗೆ ಮಣಿಯದ ರೋಗಾಣುಗಳ ಹೊರಪೊರೆಯನ್ನೇ ಭೇದಿಸುವ ಹೊಸ ಅಣುಗಳ ಶೋಧ ನಡೆದಿದೆ.

ಸುಶ್ರುತ ಸಂಹಿತೆಯು ಬಾವಿನ ಆಮ, ಪಚ್ಯಮಾನ, ಪಕ್ವ ಎಂಬ ಮೂರು ಅವಸ್ಥೆಗಳನ್ನು ಅರಿತ ಬಳಿಕವೇ ವೈದ್ಯನು ಕೈಹಾಕಬೇಕೆನ್ನುತ್ತದೆ. ಮೊದಲು ಅರಿವು, ಆಮೇಲೆ ಚಿಕಿತ್ಸೆ. ಕೀವಿನ ಪರೀಕ್ಷೆಯೂ ಆ ಅರಿವಿನ ಮುಂದುವರಿಕೆ ಎಂದೇ ನಾವು ಭಾವಿಸುತ್ತೇವೆ. ಆಯುರ್ವೇದ ವೈದ್ಯರಾದ ನಾವೂ, ಜ್ವರ ಕಾಯುತ್ತಿರುವಾಗ ಲೇಪ ಹಚ್ಚಿ ದಿನದೂಡಬಾರದು. ಅಂಥ ರೋಗಿಯನ್ನು ತಡಮಾಡದೆ ಆಸ್ಪತ್ರೆಗೆ ಕಳುಹಿಸಬೇಕು.

ಓದುಗರು ಇಷ್ಟನ್ನು ನೆನಪಿಡಬೇಕು. ಔಷಧಿ ಅಂಗಡಿಯಲ್ಲಿ ಕೇಳಿ ಪ್ರತಿಜೀವಕ ಮಾತ್ರೆಗಳನ್ನು ನುಂಗಬಾರದು. ಮಾಗಿದ ಕುರುವಿಗೆ ವೈದ್ಯರಿಂದ ಕೀವು ತೆಗೆಸುವುದೇ ಮುಖ್ಯ ಚಿಕಿತ್ಸೆ, ಮನೆಯಲ್ಲಿ ಹಿಂಡಬಾರದು. ಕುರು ಪದೇಪದೇ ಬಂದರೆ, ಮಧುಮೇಹವಿದ್ದರೆ, ಗಾಯ ಮಾಯದಿದ್ದರೆ, ಸಾಧ್ಯವಾದಷ್ಟೂ ಮಾತ್ರೆ ಆರಂಭಿಸುವ ಮೊದಲೇ ಕೀವಿನ ಪರೀಕ್ಷೆ ಮಾಡಿಸಬೇಕು. ವರದಿಯಲ್ಲಿ ಎರಿಥ್ರೋಮೈಸಿನ್ ವಿಫಲ, ಕ್ಲಿಂಡಾಮೈಸಿನ್ ಫಲಕಾರಿ ಎಂದಿದ್ದರೆ, "ಡಿ ಟೆಸ್ಟ್ ಆಗಿದೆಯೇ?" ಎಂದು ವೈದ್ಯರನ್ನು ವಿನಯದಿಂದ ಕೇಳಬೇಕು. ಕೈ ತೊಳೆಯುವುದು, ಗಾಯ ಮುಚ್ಚಿಡುವುದು, ಟವೆಲ್ ಹಂಚಿಕೊಳ್ಳದಿರುವುದು ಮನೆಮಂದಿಗೆಲ್ಲ ರಕ್ಷೆ.