ಶಕ್ತಿಯ ರೂಪಗಳು ಮತ್ತು ಪರಿವರ್ತನೆ

ಕೆಲಸ ಮಾಡಲು ಒಂದು ವಸ್ತುವಿಗೆ ಅಥವಾ ವ್ಯವಸ್ಥೆಗೆ ಇರುವ ಕ್ಷಮತೆಯನ್ನು ಭೌತಶಾಸ್ತ್ರದಲ್ಲಿ ಶಕ್ತಿ ಎಂದು ಕರೆಯಲಾಗುತ್ತದೆ. ಶಕ್ತಿಯನ್ನು ಸೃಷ್ಟಿಸಲೂ ಆಗದು, ನಾಶಪಡಿಸಲೂ ಆಗದು. ಅದು ಒಂದು ರೂಪದಿಂದ ಇನ್ನೊಂದು ರೂಪಕ್ಕೆ ಮಾರ್ಪಡುತ್ತದೆ ಅಥವಾ ಒಂದೆಡೆಯಿಂದ ಇನ್ನೊಂದೆಡೆಗೆ ವರ್ಗಾವಣೆಯಾಗುತ್ತದೆ. ಇದನ್ನು ಶಕ್ತಿ ಸಂರಕ್ಷಣಾ ನಿಯಮ ಎನ್ನುತ್ತಾರೆ. ಶಕ್ತಿಯ ಅಂತರರಾಷ್ಟ್ರೀಯ ಏಕಮಾನ ಜೂಲ್. ಸುಮಾರು 100 ಗ್ರಾಂ ತೂಕದ ವಸ್ತುವೊಂದನ್ನು ಒಂದು ಮೀಟರ್ ಮೇಲೆತ್ತಲು ಹೆಚ್ಚುಕಡಿಮೆ ಒಂದು ಜೂಲ್ ಶಕ್ತಿ ಬೇಕು.

ಪದಬಳಕೆ

ಆಡುಮಾತಿನಲ್ಲಿ ಶಕ್ತಿ, ಬಲ, ಸಾಮರ್ಥ್ಯ ಎಂಬ ಮೂರು ಪದಗಳು ಒಂದರ ಬದಲು ಒಂದು ಬಳಕೆಯಾಗುತ್ತವೆ. ವಿಜ್ಞಾನದಲ್ಲಿ ಇವು ಬೇರೆ ಬೇರೆ. ತಳ್ಳುವಿಕೆ ಅಥವಾ ಎಳೆತವು ಬಲ. ಕೆಲಸವು ಎಷ್ಟು ವೇಗವಾಗಿ ನಡೆಯುತ್ತದೆ ಎಂಬುದರ ಅಳತೆ ಸಾಮರ್ಥ್ಯ. ವಾಟ್ ಸಾಮರ್ಥ್ಯದ ಏಕಮಾನ, ವಿದ್ಯುತ್ ಬಿಲ್ಲಿನಲ್ಲಿ ಕಾಣುವ 'ಯೂನಿಟ್' ಶಕ್ತಿಯ ಏಕಮಾನ. ಸಾವಿರ ವಾಟ್‌ನ ಇಸ್ತ್ರಿಪೆಟ್ಟಿಗೆ ಒಂದು ಗಂಟೆ ಉರಿದರೆ ಒಂದು ಯೂನಿಟ್, ಅಂದರೆ 36 ಲಕ್ಷ ಜೂಲ್, ಖರ್ಚಾಗುತ್ತದೆ. ಪತ್ರಿಕೆಗಳಲ್ಲಿ ಸಹ ಈ ಗೊಂದಲ ಆಗಾಗ ನುಸುಳುವುದುಂಟು.

ಮುಖ್ಯ ರೂಪಗಳು

ಚಲಿಸುವ ವಸ್ತುವಿನಲ್ಲಿರುವುದು ಚಲನಶಕ್ತಿ. ವೇಗ ಇಮ್ಮಡಿಯಾದರೆ ಇದು ನಾಲ್ಮಡಿಯಾಗುತ್ತದೆ. ಗಂಟೆಗೆ 80 ಕಿ.ಮೀ. ವೇಗದ ಬೈಕು, ಬ್ರೇಕ್ ಹಿಡಿದ ಮೇಲೆ ನಿಲ್ಲಲು, 40 ಕಿ.ಮೀ. ವೇಗದ ಬೈಕಿಗಿಂತ ಸುಮಾರು ನಾಲ್ಕು ಪಟ್ಟು ದೂರ ಕ್ರಮಿಸುವುದು ಇದರಿಂದಲೇ. ಸ್ಥಾನದಿಂದ ಅಥವಾ ಆಕಾರದಲ್ಲಾದ ಬದಲಾವಣೆಯಿಂದ ಅಡಗಿರುವುದು ಪ್ರಚ್ಛನ್ನ ಶಕ್ತಿ: ಅಣೆಕಟ್ಟೆಯ ನೀರು, ಎಳೆದು ಹಿಡಿದ ಚಾಟಿಬಿಲ್ಲು. ಸೌದೆ, ಅನ್ನ, ಪೆಟ್ರೋಲ್ ಮತ್ತು ಬ್ಯಾಟರಿಗಳಲ್ಲಿರುವುದು ರಾಸಾಯನಿಕ ಶಕ್ತಿ. ಅಣುಗಳ ಅಡ್ಡಾದಿಡ್ಡಿ ಚಲನೆಗೆ ಸಂಬಂಧಿಸಿದುದು ಉಷ್ಣಶಕ್ತಿ. ಬೆಳಕು, ವಿದ್ಯುತ್, ಶಬ್ದ, ಪರಮಾಣು ಬೀಜದ ಶಕ್ತಿ ಇತರ ರೂಪಗಳು.

ಉಷ್ಣವು ಮೂರು ವಿಧಗಳಲ್ಲಿ ವರ್ಗಾವಣೆಯಾಗುತ್ತದೆ. ಒಲೆಯ ಮೇಲಿಟ್ಟ ಸೌಟಿನ ಹಿಡಿ ಬಿಸಿಯಾಗುವುದು ವಹನ, ಪಾತ್ರೆಯ ತಳದ ಬಿಸಿನೀರು ಮೇಲೇರಿ ತಣ್ಣೀರು ಕೆಳಗಿಳಿಯುವುದು ಸಂವಹನ, ಕೆಂಡದ ಕಾವು ದೂರ ಕುಳಿತವರ ಮುಖಕ್ಕೆ ತಟ್ಟುವುದು ವಿಕಿರಣ. ಸೂರ್ಯನ ಶಾಖ ಭೂಮಿಗೆ ತಲುಪುವುದು ವಿಕಿರಣದಿಂದ ಮಾತ್ರ.

ನಿಯಮದ ಹಿನ್ನೆಲೆ

ಉಷ್ಣವು ಕಣ್ಣಿಗೆ ಕಾಣದ ಒಂದು ದ್ರವ ಎಂಬ ನಂಬಿಕೆ 18ನೆಯ ಶತಮಾನದಲ್ಲಿ ಪ್ರಬಲವಾಗಿತ್ತು. ಮ್ಯೂನಿಕ್‌ನಲ್ಲಿ ಫಿರಂಗಿಗಳನ್ನು ಕೊರೆಯಿಸುತ್ತಿದ್ದ ಕೌಂಟ್ ರಮ್‌ಫೋರ್ಡ್, ಉಜ್ಜುವಿಕೆ ನಡೆಯುತ್ತಿರುವಷ್ಟು ಕಾಲವೂ ಶಾಖ ಹೊರಡುತ್ತಲೇ ಇರುವುದನ್ನು ಗಮನಿಸಿ 1798ರಲ್ಲಿ ಆ ನಂಬಿಕೆಯನ್ನು ಪ್ರಶ್ನಿಸಿದನು. 1840ರ ದಶಕದಲ್ಲಿ ಇಂಗ್ಲೆಂಡಿನ ಜೇಮ್ಸ್ ಪ್ರೆಸ್ಕಾಟ್ ಜೂಲ್ (1818–1889), ಕೆಳಗಿಳಿಯುವ ತೂಕದಿಂದ ನೀರಿನೊಳಗಿನ ಹುಟ್ಟುಗಳನ್ನು ತಿರುಗಿಸಿ, ನೀರಿನ ತಾಪ ಏರುವುದನ್ನು ಅಳೆದನು. ಒಂದು ಕ್ಯಾಲೊರಿ ಉಷ್ಣಕ್ಕೆ ಸುಮಾರು 4.2 ಜೂಲ್ ಕೆಲಸ ಸಮ ಎಂಬುದು ಇಂದು ಒಪ್ಪಿರುವ ಬೆಲೆ. ಜರ್ಮನಿಯ ವೈದ್ಯ ಮೇಯರ್ 1842ರಲ್ಲಿಯೂ ಹೆಲ್ಮ್‌ಹೋಲ್ಟ್ಸ್ 1847ರಲ್ಲಿಯೂ ಇದೇ ನಿಯಮವನ್ನು ಬೇರೆ ದಾರಿಗಳಿಂದ ಮುಟ್ಟಿದರು.

ಬೀಳುವ ನೀರು: ಒಂದು ಉದಾಹರಣೆ

ಜೋಗದಲ್ಲಿ ಶರಾವತಿ ನದಿ 253 ಮೀಟರ್ ಆಳಕ್ಕೆ ಧುಮುಕುತ್ತದೆ. ಬೀಳುವಾಗ ಪ್ರಚ್ಛನ್ನ ಶಕ್ತಿ ಚಲನಶಕ್ತಿಯಾಗುತ್ತದೆ. ಬಂಡೆಗೆ ಅಪ್ಪಳಿಸಿದಾಗ ಸ್ವಲ್ಪ ಶಬ್ದವಾಗಿ, ಬಹುಪಾಲು ಶಾಖವಾಗುತ್ತದೆ. ಗಾಳಿಯ ಪರಿಣಾಮ ಮತ್ತು ಆವಿಯಾಗುವಿಕೆಯನ್ನು ಬಿಟ್ಟು ಲೆಕ್ಕ ಹಾಕಿದರೆ, ಇಷ್ಟೆಲ್ಲ ಭೋರ್ಗರೆತದಿಂದ ನೀರಿನ ತಾಪ ಏರುವುದು ಸುಮಾರು 0.6 ಡಿಗ್ರಿ ಸೆಲ್ಸಿಯಸ್ ಮಾತ್ರ. ಆ ಅಲ್ಪ ಬಿಸಿಯಿಂದ ದೀಪ ಹೊತ್ತಿಸಲಾಗದು. ಅದೇ ನೀರನ್ನು ಕೊಳವೆಯಲ್ಲಿ ಇಳಿಸಿ ಟರ್ಬೈನ್ ತಿರುಗಿಸಿದರೆ ಶಕ್ತಿಯ ಹೆಚ್ಚಿನ ಪಾಲು ವಿದ್ಯುತ್ತಾಗುತ್ತದೆ. ಎರಡೂ ಸಂದರ್ಭಗಳಲ್ಲಿ ಶಕ್ತಿಯ ಮೊತ್ತ ಒಂದೇ, ಉಪಯುಕ್ತತೆ ಬೇರೆ.

ಶಕ್ತಿಗೆ ನಾಶವೇ ಇಲ್ಲದಿದ್ದರೆ ವಿದ್ಯುತ್ತನ್ನು ಏಕೆ ಉಳಿಸಬೇಕು ಎಂದು ವಿದ್ಯಾರ್ಥಿಗಳು ಕೇಳುವ ಪ್ರಶ್ನೆ ನ್ಯಾಯವಾದುದೇ. ಪ್ರತಿ ಪರಿವರ್ತನೆಯಲ್ಲೂ ಒಂದಂಶ ಸುತ್ತಲಿನ ಗಾಳಿ, ನೀರು, ಲೋಹಗಳಲ್ಲಿ ಮಂದವಾದ ಶಾಖವಾಗಿ ಹರಡಿಹೋಗುತ್ತದೆ, ಅದನ್ನು ಮತ್ತೆ ಪೂರ್ತಿಯಾಗಿ ಕೂಡಿಹಾಕಲು ಬಾರದು ಎಂಬುದು ಅದಕ್ಕೆ ಉತ್ತರ. ಹಳೆಯ ತಂತಿಬಲ್ಬು ಪಡೆದ ವಿದ್ಯುತ್ತಿನ ಹತ್ತರಲ್ಲಿ ಒಂದು ಪಾಲಿಗಿಂತ ಕಡಿಮೆಯನ್ನು ಮಾತ್ರ ಬೆಳಕಾಗಿಸುತ್ತಿತ್ತು. ಸಾಮಾನ್ಯ ಕಲ್ಲಿದ್ದಲು ಸ್ಥಾವರದಲ್ಲಿ ಇಂಧನದ ಶಕ್ತಿಯ ಸುಮಾರು ಮೂರನೇ ಒಂದು ಪಾಲು ವಿದ್ಯುತ್ತಾಗುತ್ತದೆ. ಮಿಕ್ಕದ್ದು ಹೊಗೆಕೊಳವೆ ಮತ್ತು ತಣಿಸುವ ನೀರಿನ ಮೂಲಕ ಹೊರಬೀಳುತ್ತದೆ.

ನಷ್ಟವು ಸಾಗಣೆಯಲ್ಲಿಯೂ ಉಂಟು. 1902ರಲ್ಲಿ ಶಿವನಸಮುದ್ರದ ಕಾವೇರಿ ನೀರಿನಿಂದ ಪಡೆದ ವಿದ್ಯುತ್ತನ್ನು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ಒಯ್ಯಲಾಯಿತು. ಇಂಥ ದೂರಕ್ಕೆ ಹೆಚ್ಚಿನ ವೋಲ್ಟೇಜ್ ಅಗತ್ಯ. ವೋಲ್ಟೇಜನ್ನು ಹತ್ತುಪಟ್ಟು ಏರಿಸಿದರೆ ಅಷ್ಟೇ ಸಾಮರ್ಥ್ಯಕ್ಕೆ ಹತ್ತನೇ ಒಂದರಷ್ಟು ವಿದ್ಯುತ್ ಪ್ರವಾಹ ಸಾಕು. ಆಗ ತಂತಿಯಲ್ಲಿ ಶಾಖವಾಗುವ ನಷ್ಟ ನೂರನೇ ಒಂದಕ್ಕೆ ಇಳಿಯುತ್ತದೆ.

ಪ್ರಮಾಣ ಮತ್ತು ಬೆಲೆ

ಯಾವ ನಷ್ಟವೂ ಇಲ್ಲವೆಂದುಕೊಂಡರೂ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 3,670 ಲೀಟರ್ ನೀರು 100 ಮೀಟರ್ ಕೆಳಗೆ ಬೀಳಬೇಕು. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ಅದು ಪೂರ್ಣವಾಗಿ ಒಂದು ಗಂಟೆ ನಡೆದರೆ 10.35 ಲಕ್ಷ ಯೂನಿಟ್ ದೊರೆಯುತ್ತದೆ. ಇದಕ್ಕೆ ನೀರೊದಗಿಸುವ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಅದರ ಹಿನ್ನೀರಿನಲ್ಲಿ ಊರುಗಳು, ಗದ್ದೆ ತೋಟಗಳು, ಕಾಡು ಮುಳುಗಿದವು. 'ಮುಳುಗಡೆ' ಎಂಬ ಮಾತಿಗೆ ಮಲೆನಾಡಿನಲ್ಲಿ ಇಂದಿಗೂ ಇರುವ ಭಾರ ಆ ಕಾಲದ್ದು. ವಿದ್ಯುತ್ತಿನ ಲೆಕ್ಕದಲ್ಲಿ ಈ ಬಾಬ್ತು ಕಾಣುವುದಿಲ್ಲ.

ಶೇಖರಣೆ

ವಿದ್ಯುತ್ತನ್ನು ವಿದ್ಯುತ್ತಾಗಿಯೇ ದೊಡ್ಡ ಪ್ರಮಾಣದಲ್ಲಿ ಕೂಡಿಡುವುದು ಕಷ್ಟ. ಬೇರೊಂದು ರೂಪಕ್ಕೆ ತಿರುಗಿಸಬೇಕಾಗುತ್ತದೆ. ಬ್ಯಾಟರಿಯಲ್ಲಿ ಅದು ರಾಸಾಯನಿಕ ಶಕ್ತಿಯಾಗಿರುತ್ತದೆ. ಇನ್ನೊಂದು ವಿಧಾನದಲ್ಲಿ ಬೇಡಿಕೆ ಕಡಿಮೆಯಿರುವಾಗ ಕೆಳಗಿನ ಜಲಾಶಯದ ನೀರನ್ನು ಮೇಲಿನದಕ್ಕೆ ಪಂಪು ಮಾಡಿ, ಬೇಡಿಕೆ ಏರಿದಾಗ ಮತ್ತೆ ಇಳಿಸಿ ಟರ್ಬೈನ್ ತಿರುಗಿಸುತ್ತಾರೆ. ನೂರು ಯೂನಿಟ್ ಖರ್ಚು ಮಾಡಿದರೆ ಸಾಮಾನ್ಯವಾಗಿ 70ರಿಂದ 80 ಯೂನಿಟ್ ಮರಳಿ ಸಿಗುತ್ತದೆ. ಶರಾವತಿ ಕಣಿವೆಯಲ್ಲಿ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವಾಟ್‌ನ ಇಂಥದೊಂದು ಯೋಜನೆಯನ್ನು ರೂಪಿಸಲಾಗಿದೆ. ಸಿಂಗಳೀಕಗಳ ನೆಲೆಯಾದ ಕಾಡಿಗೆ ಇದರಿಂದ ಧಕ್ಕೆಯಾಗುತ್ತದೆ ಎಂದು ಪರಿಸರವಾದಿಗಳೂ ಸ್ಥಳೀಯರೂ ವಿರೋಧಿಸಿದ್ದಾರೆ.