ಕಲ್ಲು ಕಲಿಸಿದ ಹಿತಮಿತ

1891ರ ಕೊನೆಯಲ್ಲಿ ಪ್ಯಾರಿಸ್ಸಿನ ಗೋಡೆಗಳ ಮೇಲೆ ಆಳೆತ್ತರದ ಪೋಸ್ಟರೊಂದು ಕಾಣಿಸಿಕೊಂಡಿತು. ಮುಲಾ ರೂಜ್ ನೃತ್ಯಶಾಲೆಗಾಗಿ ತುಲೂಸ್ ಲೋತ್ರೆಕ್ ಬರೆದದ್ದು. ನಡುವೆ ಕುಣಿಯುವ ನರ್ತಕಿ ಲಾ ಗೂಲ್ಯು. ಹಿಂದೆ ನಿಂತ ನೋಡುಗರು ಬರೀ ಕಪ್ಪು ನೆರಳು. ಮುಂದಿರುವ ಜೊತೆಗಾರ ಬೂದುಬಣ್ಣದ ಆಕೃತಿ. ದೀಪಗಳು ಹಳದಿ ಮಚ್ಚೆಗಳಷ್ಟೆ. ಎಲ್ಲಕ್ಕಿಂತ ಹೆಚ್ಚು ಹೊಳೆಯುವ ಅವಳ ಒಳಲಂಗಕ್ಕೆ ಬಣ್ಣವನ್ನೇ ಹಚ್ಚಿಲ್ಲ. ಅದು ಖಾಲಿ ಬಿಟ್ಟ ಕಾಗದ!

ಈ ಸಂಯಮದಲ್ಲಿ ಕಲಾವಿದನ ಕಣ್ಣಿನಷ್ಟೇ ಕಲ್ಲಚ್ಚಿನ ಪಾಲೂ ಇದೆ. ಅಲೋಯಿಸ್ ಸೆನೆಫೆಲ್ಡರ್ 1796ರ ಸುಮಾರಿಗೆ ಜರ್ಮನಿಯಲ್ಲಿ ಕಂಡುಕೊಂಡ ಈ ವಿಧಾನಕ್ಕೆ ಎಣ್ಣೆ–ನೀರು ಬೆರೆಯದಿರುವುದೇ ಆಧಾರ. ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಚಿತ್ರ ಬರೆದು, ಕಲ್ಲನ್ನು ಒದ್ದೆ ಮಾಡಿ ಶಾಯಿ ಸವರಿದರೆ ಜಿಡ್ಡಿದ್ದಲ್ಲಿ ಮಾತ್ರ ಶಾಯಿ ಹಿಡಿಯುತ್ತದೆ. ಬಣ್ಣಕ್ಕೊಂದು ಕಲ್ಲು, ಕಲ್ಲಿಗೊಂದು ಸುತ್ತು ಮುದ್ರಣ. ಬಣ್ಣ ಹೆಚ್ಚಿದಷ್ಟೂ ಖರ್ಚು, ದುಡಿಮೆ ಎರಡೂ ಹೆಚ್ಚು. ಹಾಗಾಗಿಯೇ ಪೋಸ್ಟರ್ ಕಲಾವಿದ ಝೂಲ್ ಶೆರೆ ಕೆಲವೇ ಕಲ್ಲುಗಳನ್ನಿಟ್ಟುಕೊಂಡು, ಬಣ್ಣದ ಮೇಲೆ ಬಣ್ಣ ಹಾಯಿಸಿ ಹೊಸ ಬಣ್ಣ ಹೊರಡಿಸಿದ. ಲೋತ್ರೆಕ್ ಬ್ರಷ್ಷಿನಿಂದ ಶಾಯಿ ಸಿಡಿಸಿ ಚುಕ್ಕೆಗಳಲ್ಲೇ ಛಾಯೆ ತಂದ. ಚಪ್ಪಟೆ ಬಣ್ಣ, ಗಟ್ಟಿ ರೇಖೆಗಳನ್ನು ಜಪಾನಿನ ಮರದಚ್ಚಿನ ಚಿತ್ರಗಳಿಂದ ಕಲಿತ.

1905ರ ಆಸುಪಾಸಿನಲ್ಲಿ ಬರ್ಲಿನ್ನಿನ ಲೂಸಿಯನ್ ಬರ್ನ್‌ಹಾರ್ಡ್ ಇನ್ನೂ ಮುಂದೆ ಹೋದ. ಪ್ರೀಸ್ಟರ್ ಬೆಂಕಿಕಡ್ಡಿಯ ಪೋಸ್ಟರ್ ಸ್ಪರ್ಧೆಗೆ ಅವನು ಮೊದಲು ಮೇಜು, ಸಿಗಾರ್, ಬೂದಿಬಟ್ಟಲು, ನರ್ತಕಿಯರನ್ನೆಲ್ಲ ಬರೆದಿದ್ದನಂತೆ. ಆಮೇಲೆ ಒಂದೊಂದನ್ನೇ ಅಳಿಸುತ್ತಾ ಹೋಗಿ ಉಳಿಸಿಕೊಂಡದ್ದು ಎರಡು ಕಡ್ಡಿ, ಒಂದು ಹೆಸರು. ಬಹುಮಾನ ಅದಕ್ಕೇ ಬಂತು.

ಇಂದಿನ ಪೋಸ್ಟರ್ ಸಿದ್ಧವಾಗುವುದು ಕಂಪ್ಯೂಟರಿನಲ್ಲಿ. ಫೋಟೋಶಾಪ್ ತಂತ್ರಾಂಶಕ್ಕೆ 1994ರಲ್ಲಿ ಲೇಯರ್ ಸೌಲಭ್ಯ ಸೇರಿತು. ಒಂದರ ಮೇಲೊಂದು ಪದರವಿಟ್ಟು ಚಿತ್ರ ಕಟ್ಟುವ ಕೆಲಸ ಹಳೆಯದೇ. ಆದರೆ ಈಗ ಪದರಕ್ಕೆ ತೂಕವಿಲ್ಲ, ಖರ್ಚಿಲ್ಲ. ಚರ್ಮದ ಕಾಂತಿ, ಬಟ್ಟೆಯ ನೇಯ್ಗೆಯನ್ನೂ ಹಿಡಿಯಬಲ್ಲ ಈ ಶಕ್ತಿ ಕಲ್ಲಚ್ಚಿಗೆ ದಕ್ಕದ ವರವೇ ಸರಿ. ಅದೇ ಶಕ್ತಿ ಸಿನಿಮಾ ಪೋಸ್ಟರುಗಳಲ್ಲಿ ಹತ್ತಾರು ಮುಖ, ಹೊಗೆ, ಕಿಡಿ, ಸ್ಫೋಟಗಳನ್ನೆಲ್ಲ ಒಟ್ಟಿಗೆ ತುರುಕುವಂತೆಯೂ ಮಾಡಿದೆ. ಮೊಬೈಲ್ ಪರದೆಯಲ್ಲಿ ಹೆಬ್ಬೆರಳಗಲಕ್ಕೆ ಕುಗ್ಗಿದಾಗ ಅವೆಲ್ಲ ಕಲಸಿಹೋಗುತ್ತವೆ. ಲೋತ್ರೆಕ್‌ನ ಪೋಸ್ಟರನ್ನು ಅಷ್ಟೇ ಕುಗ್ಗಿಸಿ ನೋಡಿ: ಬಿಳಿ ಲಂಗ, ಕಪ್ಪು ಗುಂಪು, ಹಳದಿ ದೀಪ ಆಗಲೂ ಬೇರೆಬೇರೆಯಾಗಿ ಕಾಣುತ್ತವೆ.

ಅಂದು ಕಲ್ಲು ಹಾಕುತ್ತಿದ್ದ ಮಿತಿಯನ್ನು ಇಂದು ವಿನ್ಯಾಸಕಾರರು ತಾವಾಗಿ ಹಾಕಿಕೊಳ್ಳಬೇಕು. ನಮ್ಮ ಕಲಾಶಾಲೆಗಳಲ್ಲಿ ಪ್ರತಿ ವಿದ್ಯಾರ್ಥಿಯ ಮೊದಲ ಪೋಸ್ಟರನ್ನು ನಾಲ್ಕೇ ಬಣ್ಣಗಳಲ್ಲಿ ಮಾಡಿಸಬೇಕು. ಯಾವುದನ್ನು ಬಿಡಬೇಕೆಂದು ತಿಳಿದವರ ಕೈಯಲ್ಲಿ ಲಕ್ಷಾಂತರ ಬಣ್ಣಗಳಿಗೂ ಬೆಲೆ ಬರುತ್ತದೆ.