ಗಾಳಿಯಿಂದ ಟ್ರಿಟಿಯಂ ಹಿಂಡುವ ಬಗೆ

ಅರಸೀಕೆರೆ ಸೀಮೆಯ ಹಳೆಯ ಮನೆಗಳಲ್ಲಿ ಅಟ್ಟಕ್ಕೆ ಹಾಕಿದ ತೆಂಗಿನಕಾಯಿ ಉಂಡೆ ಕೊಬ್ಬರಿಯಾಗಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ಅಷ್ಟರಲ್ಲಿ ಕಾಯೊಳಗಿನ ನೀರೆಲ್ಲ ಆವಿಯಾಗಿ ಮನೆಯ ಗಾಳಿಗೆ ಸೇರಿರುತ್ತದೆ. ಮನೆಮಂದಿ ಅದನ್ನೇ ಉಸಿರಾಡಿರುತ್ತಾರೆ, ಬಾಧಕವೇನಿಲ್ಲ. ಆದರೆ ಆ ನೀರಿನ ಜಲಜನಕದಲ್ಲಿ ಒಂದಿಷ್ಟು ವಿಕಿರಣ ಸೂಸುವಂಥದ್ದಾಗಿದ್ದರೆ? ಗಾಳಿಗೆ ಸೇರಿಹೋದದ್ದನ್ನು ಮತ್ತೆ ಹಿಡಿಯುವುದು ಹೇಗೆ?

ಅಂಥ ಜಲಜನಕವೇ ಟ್ರಿಟಿಯಂ. ಬೀಜದಲ್ಲಿ ಒಂದು ಪ್ರೋಟಾನು, ಎರಡು ನ್ಯೂಟ್ರಾನು, ಅರ್ಧಾಯುಷ್ಯ 12.3 ವರ್ಷ. ಅದು ಸೂಸುವ ಬೀಟಾ ಕಿರಣಕ್ಕೆ ಚರ್ಮವನ್ನು ದಾಟುವ ಶಕ್ತಿಯೂ ಇಲ್ಲ. ತೊಂದರೆ ಶುರುವಾಗುವುದು ಅದು ನೀರಿನ ರೂಪದಲ್ಲಿ ಒಳಹೊಕ್ಕಾಗ. ದೇಹಕ್ಕೆ ಆ ನೀರು, ಈ ನೀರು ಎಂಬ ಭೇದ ಗೊತ್ತಿಲ್ಲ. ಒಳಹೊಕ್ಕದ್ದರಲ್ಲಿ ಅರ್ಧ ಹೊರಬೀಳಲು ಸುಮಾರು ಹತ್ತು ದಿನ ಹಿಡಿಯುತ್ತದೆ. ಹೆಚ್ಚು ನೀರು ಕುಡಿಸಿದರೆ ಇನ್ನೂ ಬೇಗ.

ಕನ್ನಡ ನಾಡಿಗೆ ಈ ಹೆಸರು ಪರಿಚಯವಾದದ್ದು ಕೈಗಾದಿಂದ. 2009ರ ನವೆಂಬರ್‌ನಲ್ಲಿ ಉತ್ತರ ಕನ್ನಡದ ಆ ಸ್ಥಾವರದಲ್ಲಿ ಕುಡಿಯುವ ನೀರಿನ ಕೂಲರ್ ಒಂದಕ್ಕೆ ಟ್ರಿಟಿಯಂ ಬೆರೆತ ಭಾರಜಲ ಸೇರಿ, 50ಕ್ಕೂ ಹೆಚ್ಚು ನೌಕರರ ದೇಹ ಹೊಕ್ಕಿತ್ತು. ಒಳಗಿನವರೇ ಯಾರೋ ಬೆರೆಸಿರಬೇಕೆಂಬ ಅನುಮಾನ ಆಗ ಬಲವಾಗಿತ್ತು. ಕೈಗಾದಂಥ ರಿಯಾಕ್ಟರುಗಳಲ್ಲಿ ಭಾರಜಲದ ಡ್ಯುಟೀರಿಯಂ ನ್ಯೂಟ್ರಾನನ್ನು ನುಂಗಿ ಟ್ರಿಟಿಯಂ ಆಗುತ್ತಲೇ ಇರುತ್ತದೆ. ಸೋರಿದ ಆವಿಯನ್ನು ಹಿಡಿಯಲು ಕಟ್ಟಡದ ಗಾಳಿಯನ್ನು 'ಅಣುಜರಡಿ' ಎಂಬ ಜಿಯೊಲೈಟ್ ಹರಳುಗಳ ಮೂಲಕ ಹಾಯಿಸುತ್ತಾರೆ. ಹೊಸ ಕ್ಯಾಮೆರಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಮಾಡುವ ಕೆಲಸವೇ ಇದು, ಗಾತ್ರ ದೊಡ್ಡದು ಅಷ್ಟೆ.

ಇಲ್ಲಿ ಟ್ರಿಟಿಯಂ ಬೇಡದ ಕೂಸು. ಬೈಜಿಕ ಸಮ್ಮಿಲನದ ಸ್ಥಾವರದಲ್ಲಾದರೋ ಅದೇ ಇಂಧನ. ಫ್ರಾನ್ಸಿನ ಕದರಾಷ್‌ನಲ್ಲಿ ನಿರ್ಮಾಣವಾಗುತ್ತಿರುವ ಈಟರ್‌ಗೆ 2005ರಿಂದ ಭಾರತವೂ ಪಾಲುದಾರ. ಅಲ್ಲಿ ಲೆಕ್ಕ ಕಿಲೋಗ್ರಾಮಿನದು. ಒಂದೇ ಗ್ರಾಮ್ ಟ್ರಿಟಿಯಂ ಎಂದರೆ ಸುಮಾರು 9,600 ಕ್ಯೂರಿ! ಕೊಳವೆ ಒಡೆದು ಅನಿಲ ಕೋಣೆಗೆ ನುಗ್ಗಿದರೆ ಮೊದಲು ಮಾಮೂಲಿ ಗಾಳಿದಾರಿಗಳನ್ನು ಮುಚ್ಚಬೇಕು. ಕೋಣೆಯ ಒತ್ತಡ ಹೊರಗಿಗಿಂತ ಕಡಿಮೆಯಿದ್ದರೆ ಸಂದಿಯಿದ್ದರೂ ಗಾಳಿ ಒಳಕ್ಕೇ ಬರುತ್ತದೆ. ಆಮೇಲೆ ಒಳಗಿನ ಗಾಳಿಯನ್ನು ಶುದ್ಧೀಕರಣ ಯಂತ್ರಕ್ಕೆ ಎಳೆಯಬೇಕು.

ವಿಚಿತ್ರವಿರುವುದು ಇಲ್ಲೇ. ಟ್ರಿಟಿಯಂ ಅನಿಲವಾಗಿದ್ದಾಗ ಉಸಿರಿನಲ್ಲಿ ಬಂದು ಬಹುಪಾಲು ಹಾಗೆಯೇ ಹೊರಹೋಗುತ್ತದೆ. ನೀರಾದರೆ ಅಪಾಯ ಸುಮಾರು 10,000 ಪಟ್ಟು. ಆದರೂ ಯಂತ್ರ ಮೊದಲು ಮಾಡುವ ಕೆಲಸ, ಬಿಸಿ ಮಾಡಿದ ಪ್ಲಾಟಿನಂ ಅಥವಾ ಪಲ್ಲಾಡಿಯಂ ಕ್ರಿಯಾವರ್ಧಕದ ಮೇಲೆ ಅದನ್ನು ಆಮ್ಲಜನಕದೊಡನೆ ಸೇರಿಸಿ ನೀರಾಗಿಸುವುದು! ಅನಿಲವನ್ನು ಗಾಳಿಯಿಂದ ಬೇರ್ಪಡಿಸುವುದು ಕಷ್ಟ. ನೀರನ್ನು ಹಿಡಿಯುವುದು ಸುಲಭ. ಕಳ್ಳನನ್ನು ಹಿಡಿಯಲು ಅವನ ಕೈಗೇ ಕತ್ತಿ ಕೊಟ್ಟಂತೆ. ಹಿಡಿಯುವುದರಲ್ಲಿ ತಪ್ಪಿದರೆ ಗತಿ ಕೆಟ್ಟಂತೆಯೇ.

ತಪ್ಪುವ ಸಂಭವ ಹೆಚ್ಚು ಬೆಂಕಿ ಬಿದ್ದಾಗ. ಕೇಬಲ್ ಸುಟ್ಟ ಹೊಗೆ ಕ್ರಿಯಾವರ್ಧಕವನ್ನು ಮಂಕಾಗಿಸಬಲ್ಲದು. ಬೆಂಕಿ ಆರಿಸಲು ಸುರಿದ ನೀರಿನ ಆವಿಯಿಂದ ಜರಡಿ ಬೇಗ ತುಂಬಿಹೋಗುತ್ತದೆ. ಅದಕ್ಕೇ ಈಟರ್‌ನ ವಿನ್ಯಾಸಕರು ಜರಡಿಯ ಬದಲು ತೊಳೆಗೋಪುರವನ್ನು ಆರಿಸಿದರು. ಗಾಳಿ ಕೆಳಗಿನಿಂದ ಏರುತ್ತದೆ, ಶುದ್ಧ ನೀರು ಮೇಲಿನಿಂದ ಇಳಿಯುತ್ತದೆ. ಆವಿಯಲ್ಲಿದ್ದ ಟ್ರಿಟಿಯಂ ಇಳಿಯುವ ನೀರಿಗೆ ಜಾಗ ಬದಲಿಸುತ್ತದೆ. ಇದಕ್ಕೆ ತುಂಬಿಹೋಗುವ ಭಯವಿಲ್ಲ, ನೀರು ಹರಿಯುತ್ತಿದ್ದರೆ ಸಾಕು.

ಗಾಳಿ ಶುದ್ಧವಾಯಿತೆಂದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಬೇಲೂರು, ಹಳೇಬೀಡಿನ ಬಳಪದ ಕಲ್ಲಿನ ನುಣುಪಾದ ಕಂಬದ ಮೇಲೆ ಬಿದ್ದ ಮಳೆಹನಿಯನ್ನು ಬಟ್ಟೆಯಲ್ಲಿ ಒರೆಸಿಬಿಡಬಹುದು. ಸಿಮೆಂಟಿನ ಗೋಡೆ ಹಾಗಲ್ಲ, ಹೀರಿಕೊಂಡು ವಾರಗಟ್ಟಲೆ ತೇವವನ್ನು ಬಿಡುತ್ತಿರುತ್ತದೆ. ಕಾಂಕ್ರೀಟು, ಬಣ್ಣ ಎಲ್ಲವೂ ಟ್ರಿಟಿಯಂ ನೀರನ್ನು ಹೀಗೆಯೇ ಕುಡಿದು ನಿಧಾನವಾಗಿ ಮರಳಿಸುತ್ತವೆ. ಟ್ರಿಟಿಯಂ ಕೋಣೆಗಳ ಗೋಡೆಗೆ ಉಕ್ಕಿನ ಹೊದಿಕೆಯನ್ನೋ ಎಪಾಕ್ಸಿ ಲೇಪವನ್ನೋ ಕೊಡುವುದು ಅದಕ್ಕಾಗಿ. ಅಷ್ಟಾದರೂ ಅಪಘಾತದ ಬಳಿಕ ಯಂತ್ರವನ್ನು ದಿನಗಟ್ಟಲೆ ಓಡಿಸಬೇಕು. ಹಾಗಾಗಿ ಒಂದು ಕೆಟ್ಟರೆ ಇನ್ನೊಂದಿರಲೆಂದು ಯಂತ್ರಗಳನ್ನು ಜೋಡಿಯಾಗಿ ಇಟ್ಟು, ತುರ್ತು ವಿದ್ಯುತ್ತಿನ ಏರ್ಪಾಟನ್ನೂ ಮಾಡಿರುತ್ತಾರೆ.